ಅಜ್ಜಿಯ ಲೆಕ್ಕದ ಪುಸ್ತಕವನ್ನು ಅಚ್ಚಿಗೆ ತಂದವರು: ಒಂದು ಸ್ಮರಣ ಪುಸ್ತಕ ಸೇವೆಯ ವಿಮರ್ಶೆ

ತೀರಿಕೊಂಡ ಹಿರಿಯರ ಮೊದಲ ವರ್ಷದ ಸ್ಮರಣಾರ್ಥ ಆರಾಧನೆಯ ದಿನ ಒಂದು ಪುಸ್ತಿಕೆಯನ್ನು ಅಚ್ಚು ಮಾಡಿಸಿ ಬಂಧುಗಳಿಗೂ ಸಭೆಯವರಿಗೂ, ಅಂದರೆ ನಮ್ಮ ಚರ್ಚಿಗೆ ಸೇರಿದವರಿಗೂ, ಹಂಚುವ ರೂಢಿ ನಮ್ಮ ಕ್ರೈಸ್ತ ಬಂಧುವರ್ಗದಲ್ಲಿ ಇದೆ. ಮುಖಪುಟದಲ್ಲಿ ಒಂದು ಭಾವಚಿತ್ರ, ಒಳಗೆ ಅವರ ಮೆಚ್ಚಿನ ಕೀರ್ತನೆ, ಸತ್ಯವೇದದ (ಬೈಬಲ್ಲಿನ) ಒಂದೆರಡು ವಚನ, ವಂಶವೃಕ್ಷ ಮತ್ತು ಮಕ್ಕಳು ಮೊಮ್ಮಕ್ಕಳು ಬರೆದ ನಾಲ್ಕು ಮಾತು, ಇಷ್ಟರಲ್ಲಿ ಅದು ಮುಗಿಯುತ್ತದೆ. 2023ರಲ್ಲಿ ತೀರಿಕೊಂಡ ನನ್ನ ಅಜ್ಜಿಗಾಗಿ ನಾವು ಮಾಡಿಸಿದ ಪುಸ್ತಕವೂ ಹಾಗೆಯೇ ಮುಗಿಯಬಹುದಿತ್ತು. ಹಾಗಾಗದೆ ಅದು ಅಜ್ಜಿಯನ್ನು ಕಾಣದವರೂ ಕುಳಿತು ಓದುವ ಪುಸ್ತಕವಾದದ್ದಕ್ಕೆ ಉಡುಪಿಯ ಒಂದು ಸಣ್ಣ ಮುದ್ರಣ ಸಂಸ್ಥೆ ಕಾರಣ. ಅವರ ಕೆಲಸದಲ್ಲಿ ಮೆಚ್ಚತಕ್ಕದ್ದು ಬಹಳ ಇದೆ, ತಿದ್ದಿಕೊಳ್ಳತಕ್ಕದ್ದೂ ಇದೆ. ಎರಡನ್ನೂ ಬಿಚ್ಚಿ ಬರೆಯಬೇಕಾಗಿರುವುದರಿಂದ ಸಂಸ್ಥೆಯ ಹೆಸರನ್ನು ಬಿಟ್ಟಿದ್ದೇನೆ. ಇಂಥ ಪುಸ್ತಕ ಮಾಡಿಸಲು ಹೊರಟವರಿಗೆ, ಯಾವ ಮುದ್ರಣಾಲಯಕ್ಕೆ ಹೋದರೂ ಏನನ್ನು ಕೇಳಿ ಪಡೆಯಬೇಕು ಎಂಬುದು ಇದರಿಂದ ತಿಳಿದರೆ ಸಾಕು.

ಈ ಸಂಸ್ಥೆಯಲ್ಲಿ ಎರಡು ಬಗೆಯ ಸೇವೆ ದೊರೆಯುತ್ತದೆ. ಮೊದಲನೆಯದರಲ್ಲಿ ಪುಟಗಳ ಮಾದರಿ ಸಿದ್ಧವಾಗಿರುತ್ತದೆ, ಅದರಲ್ಲಿ ಹೆಸರು, ದಿನಾಂಕ ಮತ್ತು ಚಿತ್ರಗಳನ್ನು ತುಂಬಿಕೊಡುತ್ತಾರೆ. ಮುನ್ನುಡಿಯ ಒಂದು ಪುಟ ಕೂಡ ಮೊದಲೇ ಬರೆದಿಟ್ಟದ್ದೇ. ಎರಡನೆಯದರಲ್ಲಿ ನಿವೃತ್ತ ಕನ್ನಡ ಅಧ್ಯಾಪಕಿಯೊಬ್ಬರು ಮನೆಗೆ ಬಂದು, ಹಿರಿಯರ ಕಾಗದಪತ್ರಗಳನ್ನು ನೋಡಿ, ಮನೆಯವರನ್ನು ಮಾತಾಡಿಸಿ, ಪುಸ್ತಕವನ್ನು ಸಂಪಾದಿಸಿ ಕೊಡುತ್ತಾರೆ. ಎರಡನೆಯದಕ್ಕೆ ಖರ್ಚು ಹೆಚ್ಚು, ಕಾಲವೂ ಹೆಚ್ಚು ಹಿಡಿಯುತ್ತದೆ. ಹಾಗಿದ್ದರೂ, ಹಣಕ್ಕೆ ಅಡ್ಡಿಯಿಲ್ಲದವರು ಎರಡನೆಯದನ್ನೇ ಆರಿಸಿಕೊಳ್ಳಬೇಕೆಂದು ನಾನು ಹೇಳುತ್ತೇನೆ. ಸಿದ್ಧ ಮುನ್ನುಡಿಯಲ್ಲಿ ಕುಟುಂಬಕ್ಕೂ ದೇವಾಲಯಕ್ಕೂ (ಚರ್ಚಿಗೂ) ಬಾಳನ್ನೇ ಮುಡಿಪಾಗಿಟ್ಟವರು, ಪ್ರಾರ್ಥನಾಶೀಲೆ, ಮಮತಾಮಯಿ ಎಂಬ ಮಾತುಗಳು ಒಂದರ ಹಿಂದೆ ಒಂದು ಬರುತ್ತವೆ. ಒಂದೂ ಸುಳ್ಳಲ್ಲ. ಆದರೆ ನಮ್ಮ ಸಭೆಯಲ್ಲಿ ಕಳೆದ ಕೆಲವು ವರ್ಷಗಳಲ್ಲಿ ತೀರಿಕೊಂಡ ಯಾವ ಅಜ್ಜಿಯ ಹೆಸರನ್ನು ಅಲ್ಲಿ ಹಾಕಿದರೂ ಆ ಪುಟ ಹೊಂದಿಕೊಳ್ಳುತ್ತದೆ.

ಸಂಪಾದಕಿಯವರು ಮೊದಲ ದಿನ ಬಂದಾಗ ನನ್ನ ದೊಡ್ಡಮ್ಮ ಇದೇ ಧಾಟಿಯಲ್ಲಿ ಅಜ್ಜಿಯ ಗುಣಗಳನ್ನು ಹೇಳಲು ತೊಡಗಿದರು. ಅವರು ತಾಳ್ಮೆಯಿಂದ ಕೇಳಿ, "ಗುಣವನ್ನು ಆಮೇಲೆ ಬರೆಯೋಣ ಅಮ್ಮ, ಶನಿವಾರ ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದರು, ಅದನ್ನು ಹೇಳಿ" ಎಂದರು. ಈ ಒಂದು ಪ್ರಶ್ನೆಗೆ ಬಂದ ಉತ್ತರವೇ ಪುಸ್ತಕದ ಮೊದಲ ಅಧ್ಯಾಯವಾಯಿತು. ಶನಿವಾರ ಅಜ್ಜಿ ಮಕ್ಕಳಿಗೆ ಎಣ್ಣೆ ಹಚ್ಚಿ ಮೀಯಿಸಿ, ಭಾನುವಾರದ ಬಟ್ಟೆಗಳಿಗೆ ಇಸ್ತ್ರಿ ಹಾಕಿ, ಮಧ್ಯಾಹ್ನದ ಗಂಜಿಯ ತಿಳಿಯನ್ನು ಬೇರೆ ಬಸಿದಿಡುತ್ತಿದ್ದರು. ಯೇಸುವಿನ ಕೊನೆಯ ಊಟದ ನೆನಪಿಗೆ ನಡೆಯುವ ಕರ್ತನ ಭೋಜನದ ಮೇಜಿಗೆ ಹಾಸುವ ಬಿಳಿಯ ಬಟ್ಟೆಯನ್ನು ಒಗೆದು ಆ ತಿಳಿಯಲ್ಲಿ ಅದ್ದಿ ಒಣಗಿಸುವುದು ಅವರ ಕೆಲಸವಾಗಿತ್ತು. ಇಳಿಹೊತ್ತಿಗೆ ದೇವಾಲಯಕ್ಕೆ ಹೋಗಿ ಬೆಂಚುಗಳನ್ನು ಒರೆಸಿ, ಹೂದಾನಿಗಳಿಗೆ ನೀರು ತುಂಬಿ, ಮರುದಿನದ ಕೀರ್ತನೆಗಳ ಸಂಖ್ಯೆಗಳನ್ನು ಗೋಡೆಯ ಹಲಗೆಯಲ್ಲಿ ಜೋಡಿಸಿ ಬರುತ್ತಿದ್ದರು. ಸಭಾಪಾಲಕರು (ಪಾದ್ರಿಗಳು) ಬದಲಾಗುತ್ತಿದ್ದರು, ಸಭಾಹಿರಿಯರ ಚುನಾವಣೆ ನಡೆದು ಹೊಸಬರು ಬರುತ್ತಿದ್ದರು. ಶನಿವಾರದ ಈ ಕೆಲಸ ಮಾತ್ರ ಅಜ್ಜಿಯ ಕೈ ಬಿಟ್ಟು ಹೋಗಲಿಲ್ಲ. ಇದು ಯಾವ ವಾರ್ಷಿಕ ವರದಿಯಲ್ಲಿಯೂ ದಾಖಲಾಗಿಲ್ಲ. ಸಂಬಳವಿಲ್ಲದ, ಹುದ್ದೆಯಿಲ್ಲದ ಇಂಥ ಸೇವೆಯನ್ನು ಬರೆದಿಡಲು ಸರಿಯಾದ ಪ್ರಶ್ನೆ ಕೇಳುವವರು ಬೇಕು. ಈ ಸಂಸ್ಥೆಯ ದೊಡ್ಡ ಸಂಪತ್ತು ಅವರ ಯಂತ್ರಗಳಲ್ಲ, ಈ ಸಂಪಾದಕಿ.

ಎರಡನೆಯ ಅಧ್ಯಾಯ ಅಜ್ಜಿಯ ತವರಿನದು. ಅವರು ಹುಟ್ಟಿದ್ದು 1931ರಲ್ಲಿ, ಮಲ್ಪೆಯಲ್ಲಿ. ಅವರ ತಂದೆ ಹಂಚಿನ ಕಾರ್ಖಾನೆಯ ಕೆಲಸಗಾರರು. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1841ರಲ್ಲಿ ಮುದ್ರಣಾಲಯವನ್ನೂ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. ಕ್ರೈಸ್ತರಾದ ಮೇಲೆ ಕುಲಕಸುಬನ್ನೂ ನೆಲೆಯನ್ನೂ ಕಳೆದುಕೊಂಡವರಿಗೆ ಉದ್ಯೋಗ ಒದಗಿಸುವ ಅಗತ್ಯ ಈ ಕಾರ್ಖಾನೆಗಳ ಹಿಂದೆ ಇತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಷನರಿಗಳನ್ನು ಶತ್ರುಗಳೆಂದು ಎಣಿಸಿ ಬ್ರಿಟಿಷ್ ಸರಕಾರ ಈ ಉದ್ಯಮಗಳನ್ನು ವಶಪಡಿಸಿಕೊಂಡಿತು, ಅನಂತರ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಗೆ ಹೋದವು. ಈ ಇತಿಹಾಸವನ್ನು ನಮ್ಮ ಪುಸ್ತಕದಲ್ಲಿ ಎರಡೇ ಪುಟಗಳಲ್ಲಿ ಹೇಳಲಾಗಿದೆ, ಅಷ್ಟೇ ಸಾಕು. ಉಳಿದ ಪುಟಗಳು ಮಲ್ಪೆಯ ಮನೆಯವು: ಮನೆಯಲ್ಲಿ ತುಳು ಮಾತು, ದೇವಾಲಯದಲ್ಲಿ ಕನ್ನಡದ ಆರಾಧನೆ, ಕಾರ್ಖಾನೆಯ ಶಿಳ್ಳೆಗೆ ಹೊಂದಿಕೊಂಡ ಊಟದ ಹೊತ್ತು, ಮಿಷನ್ ಶಾಲೆಯಲ್ಲಿ ಹುಡುಗಿಯರಿಗೆ ಓದು ಬರಹದೊಡನೆ ಕಲಿಸುತ್ತಿದ್ದ ಹೊಲಿಗೆ. ಅಜ್ಜಿಯ ದೀಕ್ಷಾಸ್ನಾನದ (ಬ್ಯಾಪ್ಟಿಸಂನ) ದಾಖಲೆ ಬಾಸೆಲ್ ಮಿಷನ್ ಸಭೆಯ ಹೆಸರಿನಲ್ಲಿದೆ. ಅವರ ಕೊನೆಯ ಮಗಳ ದಾಖಲೆ ಸಿ.ಎಸ್.ಐ. ಎಂದು ನಾವೆಲ್ಲ ಕರೆಯುವ, ಹಲವು ಪ್ರೊಟೆಸ್ಟೆಂಟ್ ಸಭೆಗಳು ಒಂದಾಗಿ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸ್ಥಾಪನೆಗೊಂಡ ದಕ್ಷಿಣ ಭಾರತ ಸಭೆಯ ಹೆಸರಿನಲ್ಲಿದೆ. ಸಂಪಾದಕಿಯವರು ಎರಡೂ ದಾಖಲೆಗಳನ್ನು ಒಂದೇ ಪುಟದಲ್ಲಿ ಮೇಲೆ ಕೆಳಗೆ ಇಟ್ಟು, ವಿವರಣೆಯನ್ನು ಒಂದೇ ಸಾಲಿಗೆ ನಿಲ್ಲಿಸಿದ್ದಾರೆ.

ಇಲ್ಲಿ ಅವರ ಇನ್ನೊಂದು ತೀರ್ಮಾನವನ್ನು ಹೇಳಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿರುವ ಮಿಷನ್ನಿನ ದಾಖಲಾಗಾರ ತನ್ನ ಹಳೆಯ ಛಾಯಾಚಿತ್ರಗಳನ್ನು ಅಂತರಜಾಲದಲ್ಲಿ ನೋಡಲು ಇಟ್ಟಿದೆ. ಕರಾವಳಿಯ ಕಾರ್ಖಾನೆಗಳು, ಶಾಲೆಗಳು, ದೇವಾಲಯಗಳು ಅದರಲ್ಲಿ ಕಾಣಸಿಗುತ್ತವೆ. ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿರುವ ಹೆಂಗಸರ ಒಂದು ಚಿತ್ರವನ್ನು ಕಂಡ ನನ್ನ ಮಾವ ಅದನ್ನು ಪುಸ್ತಕದಲ್ಲಿ ಹಾಕಲೇಬೇಕೆಂದು ಹಟ ಹಿಡಿದರು. ಸಂಪಾದಕಿಯವರು ಒಪ್ಪಲಿಲ್ಲ. ಅನುಮತಿ ಪಡೆಯಬೇಕೆಂಬುದು ಒಂದು ಕಾರಣ. ಆ ಚಿತ್ರದಲ್ಲಿರುವವರು ಬೇರೆ ಯಾರದೋ ಮನೆಯ ಅಜ್ಜಿಯರು, ಅವರನ್ನು ತಂದು ನಮ್ಮ ಅಜ್ಜಿಯ ಬದುಕಿಗೆ ಅಲಂಕಾರ ಮಾಡುವುದು ಸರಿಯಲ್ಲ ಎಂಬುದು ಇನ್ನೊಂದು. ಗಿರಾಕಿ ಕೇಳಿದ್ದನ್ನೆಲ್ಲ ಹಾಕಿ ಹಣ ಪಡೆಯುವುದು ಅವರಿಗೆ ಸುಲಭವಾಗಿತ್ತು. ಹಾಗೆ ಮಾಡದಿದ್ದುದು ನನಗೆ ಬಹಳ ಹಿಡಿಸಿತು.

ಪುಸ್ತಕದ ಜೀವಾಳ ಮೂರನೆಯ ಅಧ್ಯಾಯ. ಅಜ್ಜಿಯ ಪೆಟ್ಟಿಗೆಯಲ್ಲಿ ಸತ್ಯವೇದ ಮತ್ತು ಸಂಗೀತ (ಕೀರ್ತನೆಗಳ) ಪುಸ್ತಕಗಳ ಅಡಿಯಲ್ಲಿ ರಟ್ಟಿನ ಹೊದಿಕೆಯ ದಪ್ಪ ಲೆಕ್ಕದ ಪುಸ್ತಕಗಳು ದೊರೆತವು. ಒಂದು ಕಡೆಯಿಂದ ತೆರೆದರೆ ಮನೆಯ ಖರ್ಚು; ತಿರುಗಿಸಿ ಹಿಂದಿನಿಂದ ತೆರೆದರೆ ಸಭೆಯ ಹೆಂಗಸರ ಸಂಘವಾದ ಸ್ತ್ರೀಯರ ಅನ್ಯೋನ್ಯ ಕೂಟದ ಲೆಕ್ಕ. ಅಜ್ಜಿ ಬಹಳ ಕಾಲ ಆ ಕೂಟದ ಖಜಾಂಚಿಯಾಗಿದ್ದರು. ಪ್ರತಿ ಸಲ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕಿ, ತಿಂಗಳ ಕೊನೆಗೆ ಅದನ್ನು ಕೂಟಕ್ಕೆ ಒಪ್ಪಿಸುವ ಹಿಡಿ ಅಕ್ಕಿಯ ಕ್ರಮ ಅನೇಕ ಸಭೆಗಳಲ್ಲಿ ಇದ್ದದ್ದು ಓದುಗರಿಗೆ ನೆನಪಿರಬಹುದು. ಯಾವ ಮನೆಯಿಂದ ಎಷ್ಟು ಸೇರು ಬಂತು, ಅದನ್ನು ಮಾರಿದಾಗ ಎಷ್ಟು ಸಿಕ್ಕಿತು, ಅದು ಯಾರ ಔಷಧಕ್ಕೆ, ಯಾರ ಮಗುವಿನ ಶಾಲೆಯ ಫೀಸಿಗೆ ಹೋಯಿತು ಎಂಬುದೆಲ್ಲ ಅಲ್ಲಿದೆ. ಸುಗ್ಗಿಯ ಕೃತಜ್ಞತಾ ಆರಾಧನೆಯ ನಂತರ ನಡೆಯುತ್ತಿದ್ದ ಏಲಂನಲ್ಲಿ ಬಾಳೆಗೊನೆ, ತೆಂಗಿನಕಾಯಿ, ಸೌತೆ, ಕೋಳಿ ಯಾವ ಬೆಲೆಗೆ ಹೋದವೆಂಬುದೂ ಇದೆ.

ಇದನ್ನು ಹೇಗೆ ಅಚ್ಚು ಹಾಕುವುದು ಎಂಬುದು ಕಷ್ಟದ ಪ್ರಶ್ನೆಯಾಗಿತ್ತು. ಸಾಮಾನ್ಯ ಮುದ್ರಣಾಲಯವಾಗಿದ್ದರೆ ಒಂದೆರಡು ಪುಟಗಳ ಚಿತ್ರ ತೆಗೆದು, ಅಜ್ಜಿಯ ಕೈಬರಹ ಎಂದು ಕೆಳಗೆ ಬರೆದು ಮುಗಿಸುತ್ತಿದ್ದರು. ಇವರು ಆಯ್ದ ತಿಂಗಳುಗಳ ಲೆಕ್ಕವನ್ನು ಎಡಪುಟದಲ್ಲಿ ಮನೆಯದು, ಬಲಪುಟದಲ್ಲಿ ಕೂಟದ್ದು ಎಂದು ಎದುರುಬದುರಾಗಿ ಜೋಡಿಸಿದರು. ಮೂಲದಲ್ಲಿ ಬೆನ್ನಿಗೆ ಬೆನ್ನು ಮಾಡಿಕೊಂಡಿದ್ದ ಎರಡು ಲೆಕ್ಕಗಳು ಅಚ್ಚಿನಲ್ಲಿ ಮುಖಾಮುಖಿಯಾದಾಗ, ಆವರೆಗೆ ನಮಗೆ ಯಾರಿಗೂ ಕಾಣದಿದ್ದುದು ಕಂಡಿತು. ಜೂನ್ ತಿಂಗಳಲ್ಲಿ ಎಡಪುಟದಲ್ಲಿ ಕೊಡೆ, ಪಾಠಪುಸ್ತಕ, ಫೀಸು ಎಂದು ಖರ್ಚು ಉಕ್ಕುತ್ತದೆ, ಉಪ್ಪಿನ ಮೀನಿನ ಸಾಲು ಕಾಣೆಯಾಗುತ್ತದೆ. ಬಲಪುಟದಲ್ಲಿ ಅಜ್ಜಿಯ ಹೆಸರಿನ ಮುಂದಿರುವ ಕಾಣಿಕೆ ಮಾತ್ರ ಇಳಿಯುವುದಿಲ್ಲ. 1957ರ ಏಪ್ರಿಲ್ 1ರಿಂದ ನಯೇ ಪೈಸೆ ಬಂದಾಗ ಅವರು ಮನೆಯ ಲೆಕ್ಕದಲ್ಲಿ ಕೆಲಕಾಲ ಆಣೆಯಲ್ಲಿಯೇ ಮುಂದುವರಿದಿದ್ದಾರೆ, ಕೂಟದ ಲೆಕ್ಕದಲ್ಲಿ ಮಾತ್ರ ಮೊದಲ ತಿಂಗಳಿನಿಂದಲೇ ಹೊಸ ನಾಣ್ಯಕ್ಕೆ ಬದಲಾಯಿಸಿ, ಪಕ್ಕದಲ್ಲಿ ಆಣೆಯಲ್ಲಿ ಎಷ್ಟಾಯಿತೆಂಬುದನ್ನು ಸಣ್ಣಗೆ ಬರೆದಿದ್ದಾರೆ. ಒಂದು ಆಣೆಗೆ ಆರೂಕಾಲು ನಯೇ ಪೈಸೆಯಾಗುವುದರಿಂದ ಆ ಕಾಲು ಪೈಸೆಗಳು ಎಲ್ಲಿ ಹೋದವೆಂದು ಯಾರೂ ಕೇಳಬಾರದೆಂಬ ಎಚ್ಚರ ಅದರಲ್ಲಿ ಕಾಣುತ್ತದೆ. ದೇಶದಲ್ಲೆಲ್ಲ ಆಹಾರದ ಅಭಾವವಿದ್ದ 1965 ಮತ್ತು 1966ರ ಪುಟಗಳಲ್ಲಿ ಎಡಕ್ಕೆ ರೇಶನ್ನಿನ ಗೋಧಿ ಮೊದಲ ಬಾರಿಗೆ ಬರುತ್ತದೆ. ಬಲಕ್ಕೆ ಹಿಡಿ ಅಕ್ಕಿಯ ಒಟ್ಟು ಮೊತ್ತ ಕುಗ್ಗುತ್ತದೆ, ಆದರೆ ಕೊಟ್ಟ ಮನೆಗಳ ಸಂಖ್ಯೆ ಕುಗ್ಗುವುದಿಲ್ಲ. ಅಜ್ಜಿ ಕುಟುಂಬವನ್ನೂ ಸಭೆಯನ್ನೂ ಸಮನಾಗಿ ನಡೆಸಿದರೆಂದು ನಾವು ನೂರು ಬಾರಿ ಬರೆದಿದ್ದರೂ ಈ ಎದುರುಬದುರು ಪುಟಗಳಷ್ಟು ಸ್ಪಷ್ಟವಾಗಿ ಹೇಳಲು ಆಗುತ್ತಿರಲಿಲ್ಲ.

ಮಿಷನ್ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಅಜ್ಜ 1972ರಲ್ಲಿ ತೀರಿಕೊಂಡ ಮೇಲೆ ಎಡಪುಟದ ಸ್ವರೂಪ ಬದಲಾಗುತ್ತದೆ. ಶಿರ್ವದ ಕಡೆಯ ನಮ್ಮ ಮನೆಯಂಗಳದಲ್ಲಿ ಅಜ್ಜಿ ಮಲ್ಲಿಗೆ ಬೆಳೆಯಲು ತೊಡಗಿದ್ದು ಆಗಲೇ. ಶಂಕರಪುರದ ಸುತ್ತಿನ ಅನೇಕ ಕ್ರೈಸ್ತ ಮನೆಗಳನ್ನು ಮಲ್ಲಿಗೆ ಸಾಕಿದೆ. ನಸುಕಿನಲ್ಲಿ ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ, ನಾಲ್ಕು ಚೆಂಡುಗಳಿಗೆ ಒಂದು ಅಟ್ಟೆಯಂತೆ ಲೆಕ್ಕ ಹಾಕಿ ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಿದರೆ ಅಂದಿನ ದರ ಸಿಗುತ್ತದೆ. ನವರಾತ್ರಿಯಲ್ಲಿಯೂ ಮದುವೆಗಳ ಕಾಲದಲ್ಲಿಯೂ ದರ ಏರುತ್ತದೆ, ಮಳೆಗಾಲದಲ್ಲಿ ಹೂವು ಕಡಿಮೆ. ಲೆಕ್ಕದಲ್ಲಿ ನವರಾತ್ರಿಯ ತಿಂಗಳು ಅಜ್ಜಿಯ ಮಾಮೂಲು ಕಾಣಿಕೆಯ ಜೊತೆಗೆ ಇನ್ನೊಂದು ಮೊತ್ತ ಕಾಣುತ್ತದೆ. ಊರಿನ ಹಬ್ಬದ ಹೂವಿನಿಂದ ಬಂದ ಹಣದಲ್ಲಿ ಒಂದು ಪಾಲು ದೇವಾಲಯದ ಪೆಟ್ಟಿಗೆಗೆ ಸೇರಿದ್ದನ್ನು ಸಂಪಾದಕಿಯವರು ತಿಂಗಳುಗಳನ್ನು ಹೋಲಿಸಿ ಗುರುತಿಸಿ, ಅಡಿಟಿಪ್ಪಣಿಯಲ್ಲಿ ಸೇರಿಸಿದ್ದಾರೆ. ಮಲ್ಲಿಗೆಯ ಹಣದಲ್ಲಿ ನನ್ನ ತಾಯಿ ಮತ್ತು ಚಿಕ್ಕಮ್ಮ ಓದಿದರು ಎಂಬುದು ನಮಗೆ ಗೊತ್ತಿತ್ತು. ಅದರಿಂದ ಭಾನುವಾರ ಶಾಲೆಗೆ ಹೊಸ ಚಾಪೆಗಳು ಬಂದದ್ದು ಗೊತ್ತಿರಲಿಲ್ಲ.

ಲೆಕ್ಕವನ್ನು ಅಚ್ಚು ಹಾಕುವುದರಲ್ಲಿ ಒಂದು ಸೂಕ್ಷ್ಮವಿತ್ತು. ನೆರವು ಪಡೆದವರ ಹೆಸರುಗಳನ್ನು ಅಜ್ಜಿ ಪೂರ್ತಿಯಾಗಿ ಬರೆದಿದ್ದರು. ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಅದೇ ದೇವಾಲಯದಲ್ಲಿ ನಮ್ಮ ಪಕ್ಕದ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾರೆ. ಯಾರಿಗೆ ಅಕ್ಕಿ ಹೋಯಿತೆಂಬುದು ಖಜಾಂಚಿಗೆ ತಿಳಿದಿರಬೇಕಾದ ವಿಷಯ, ಊರಿಗೆ ತಿಳಿಯಬೇಕಾದದ್ದಲ್ಲ. ನಾವು ಕೇಳುವ ಮೊದಲೇ ಸಂಪಾದಕಿಯವರು ಆ ಹೆಸರುಗಳನ್ನು ತೆಗೆದು, ಒಂದು ಮನೆಗೆ, ಒಬ್ಬ ಬಾಣಂತಿಗೆ, ಒಬ್ಬ ವಿದ್ಯಾರ್ಥಿಗೆ ಎಂದು ಬದಲಾಯಿಸಿ ತಂದರು. ಕೈಬರಹದ ಚಿತ್ರಗಳಲ್ಲಿಯೂ ಆ ಸಾಲುಗಳು ಬಾರದಂತೆ ಪುಟಗಳನ್ನು ಆರಿಸಿದ್ದರು. ಅಜ್ಜಿ ಬದುಕಿದ್ದರೆ ಇದನ್ನೇ ಮೊದಲು ಕೇಳುತ್ತಿದ್ದರು. ಸ್ಮರಣ ಪುಸ್ತಕ ಮಾಡುವ ಯಾರೇ ಆಗಲಿ ಈ ಒಂದು ವಿಷಯದಲ್ಲಿ ಹೀಗೆ ನಡೆದುಕೊಳ್ಳಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಇನ್ನು ಕೊರತೆಗಳು. ಸಂಪಾದನೆಯಲ್ಲಿದ್ದ ಶ್ರದ್ಧೆ ಅಕ್ಷರ ಜೋಡಣೆಯಲ್ಲಿ ಇರಲಿಲ್ಲ. ನಾವು ಯೂನಿಕೋಡ್‌ನಲ್ಲಿ ಟೈಪು ಮಾಡಿ ಕೊಟ್ಟ ಬರಹಗಳನ್ನು ಅವರು ತಮ್ಮ ಹಳೆಯ ಪುಟವಿನ್ಯಾಸ ತಂತ್ರಾಂಶಕ್ಕಾಗಿ ನುಡಿ ಎಂಬ ಹಳೆಯ ಬಗೆಯ ಕನ್ನಡ ಅಕ್ಷರಕ್ಕೆ ಪರಿವರ್ತಿಸಿದಾಗ ಅರ್ಕಾವತ್ತುಗಳು ಹಲವೆಡೆ ಸ್ಥಳ ಬಿಟ್ಟು ಓಡಿದ್ದವು. ಶಿರ್ವ, ಕಾರ್ಖಾನೆ, ಕೀರ್ತನೆ, ಕರ್ತನು ಎಂಬ ಪದಗಳೇ ತುಂಬಿರುವ ಪುಸ್ತಕದಲ್ಲಿ ಇದು ಸಣ್ಣ ತೊಂದರೆಯಲ್ಲ. ಮೊದಲ ಕರಡನ್ನು ತಿದ್ದಿ ಕೊಟ್ಟ ಮೇಲೆ ಬಂದ ಎರಡನೆಯ ಕರಡಿನಲ್ಲಿ ಹಳೆಯ ತಪ್ಪುಗಳಲ್ಲಿ ಕೆಲವು ಹಾಗೆಯೇ ಉಳಿದಿದ್ದವು. ಕರಡು ತಿದ್ದಲು ಮನೆಯಲ್ಲಿ ಕನ್ನಡ ಚೆನ್ನಾಗಿ ಬಲ್ಲವರೊಬ್ಬರು ಇಲ್ಲದಿದ್ದರೆ, ಹಣ ಕೊಟ್ಟಾದರೂ ಹೊರಗಿನವರಿಂದ ಮಾಡಿಸಿಕೊಳ್ಳುವುದು ಒಳ್ಳೆಯದು. ಇಡೀ ಪುಟವನ್ನು ಯೂನಿಕೋಡ್‌ನಲ್ಲಿಯೇ ವಿನ್ಯಾಸ ಮಾಡಲು ಸಾಧ್ಯವಿರುವ ಈ ಕಾಲದಲ್ಲಿ ಹಳೆಯ ವ್ಯವಸ್ಥೆಗೆ ಅಂಟಿಕೊಂಡಿರುವುದನ್ನು ಸಂಸ್ಥೆಯವರು ಬಿಡಬೇಕು.

ಚಿತ್ರಗಳ ವಿಷಯದಲ್ಲಿ ಇನ್ನೂ ಹೆಚ್ಚು ಬೇಸರವಾಯಿತು. ಅಜ್ಜಿಯ ಮದುವೆಯ ಕಪ್ಪುಬಿಳುಪು ಚಿತ್ರ ಒಂದು ಮೂಲೆಯಲ್ಲಿ ಬೂಷ್ಟು ಹಿಡಿದಿತ್ತು. ಅದನ್ನು ಸರಿಪಡಿಸಿ ಎಂದು ಕೊಟ್ಟದ್ದಕ್ಕೆ ಅವರ ಚಿತ್ರ ವಿಭಾಗದವರು ಕಂಪ್ಯೂಟರಿನ ಸ್ವಯಂಚಾಲಿತ ಸಾಧನದಲ್ಲಿ ಹಾಕಿ, ಸೀರೆಗೆ ತಮಗೆ ತೋಚಿದ ಬಣ್ಣ ಬಳಿದು, ಮುಖದ ಮೇಲಿನ ಸಿಡುಬಿನ ಕಲೆಗಳನ್ನು ಅಳಿಸಿ ತಂದರು. ಆ ಕಲೆಗಳಿಲ್ಲದ ಮುಖವನ್ನು ನೋಡಿ ಚಿಕ್ಕಮ್ಮ, "ಇದು ನಮ್ಮ ಅಮ್ಮನಲ್ಲ" ಎಂದು ಚಿತ್ರವನ್ನು ಹಿಂದಕ್ಕೆ ಸರಿಸಿದರು. ಕೇಳಿದ ಮೇಲೆ ಅವರು ಮೂಲವನ್ನು ಮತ್ತೆ ಸ್ಕ್ಯಾನ್ ಮಾಡಿ, ಬೂಷ್ಟಿನ ಮೂಲೆಯನ್ನು ಮಾತ್ರ ಕೈಯಿಂದ ತಿದ್ದಿ, ಬಣ್ಣವಿಲ್ಲದೆ ಅಚ್ಚು ಹಾಕಿದರು. ಅದಕ್ಕೆ ಹೆಚ್ಚಿನ ಹಣ ಕೇಳಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಮುಖವನ್ನು ಮುಟ್ಟಬಾರದು ಎಂಬ ಸೂಚನೆಯನ್ನು ಚಿತ್ರ ಕೊಡುವಾಗಲೇ ಬರವಣಿಗೆಯಲ್ಲಿ ಕೊಡುವುದು ಕ್ಷೇಮ. ಮೂಲ ಚಿತ್ರಗಳನ್ನು 600 ಡಿಪಿಐಗೆ (ಅಂಗುಲಕ್ಕೆ 600 ಚುಕ್ಕಿಗಳಿಗೆ) ಕಡಿಮೆಯಿಲ್ಲದಂತೆ ಸ್ಕ್ಯಾನ್ ಮಾಡಿಸಿ, ಆ ಕಡತಗಳ ಒಂದು ಪ್ರತಿಯನ್ನು ನಿಮ್ಮ ಬಳಿಯೂ ಇಟ್ಟುಕೊಳ್ಳಿ.

ಕೊನೆಯ ಪುಟದಲ್ಲಿ ಅವರು ಒಂದು ಕ್ಯೂಆರ್ ಸಂಕೇತವನ್ನು ಹಾಕಿಕೊಟ್ಟಿದ್ದಾರೆ. ಫೋನಿನಲ್ಲಿ ತೆರೆದರೆ ಅಜ್ಜಿ ತಮ್ಮ ಕೊನೆಯ ವರ್ಷಗಳಲ್ಲಿ ಹಾಡಿದ ತುಳು ಕೀರ್ತನೆಯ ಧ್ವನಿ ಕೇಳುತ್ತದೆ. ಸಭೆಯ ಮಕ್ಕಳಿಗೆ ಪುಸ್ತಕದಲ್ಲಿ ಬಹಳ ಹಿಡಿಸಿದ್ದು ಇದೇ. ಆದರೆ ಆ ಧ್ವನಿಯನ್ನು ಇರಿಸಿರುವ ಜಾಲತಾಣಕ್ಕೆ ಪ್ರತಿ ವರ್ಷ ಶುಲ್ಕ ಕಟ್ಟಬೇಕೆಂಬುದನ್ನು ಅವರು ಮೊದಲೇ ಸ್ಪಷ್ಟವಾಗಿ ಹೇಳಿರಲಿಲ್ಲ, ಬಿಲ್ಲಿನ ಕೊನೆಯ ಸಾಲಿನಲ್ಲಿ ಅದು ಕಂಡಿತು. ಕೀರ್ತನೆಯ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಅದೇ ಪುಟದಲ್ಲಿ ಅಚ್ಚು ಹಾಕಿಸಿಕೊಂಡದ್ದರಿಂದ, ಮುಂದೆ ಸಂಪರ್ಕ ತಪ್ಪಿದರೂ ಹಾಡು ಉಳಿಯುತ್ತದೆ.

ಪುಸ್ತಕದ ರೂಪದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಡೆಮಿ 1/8 ಆಕಾರ, ಒಳಪುಟಗಳಿಗೆ ಮಾಸಲು ಬಿಳುಪಿನ ಮ್ಯಾಪ್‌ಲಿಥೊ ಕಾಗದ, ಚಿತ್ರಗಳಿಗೆ ಮಾತ್ರ ಆರ್ಟ್ ಕಾಗದ. ಬರೀ ಅಂಟು ಹಾಕುವ ಬೈಂಡಿಂಗ್ ಬೇಡ, ಫಾರಂಗಳನ್ನು (ಮಡಿಸಿದ ಪುಟಗಳ ಕಟ್ಟುಗಳನ್ನು) ದಾರದಲ್ಲಿ ಹೊಲಿದು ಕೊಡಿ ಎಂದು ಕೇಳಿಕೊಂಡೆವು. ಎದುರುಬದುರು ಪುಟಗಳನ್ನು ಪೂರ್ತಿ ಬಿಡಿಸಿ ಓದಬೇಕಾದ ಇಂಥ ಪುಸ್ತಕಕ್ಕೆ ಹೊಲಿಗೆಯೇ ಆಗಬೇಕು, ಅಂಟಿನ ಬೈಂಡಿಂಗ್ ಬೆನ್ನು ಬಿರಿಯುತ್ತದೆ. ಪ್ರತಿಯೊಂದಕ್ಕೆ ತಗಲಿದ ವೆಚ್ಚ ಅಂಗಡಿಯಲ್ಲಿ ಸಿಗುವ ಅದೇ ಗಾತ್ರದ ಕಾದಂಬರಿಯ ಬೆಲೆಗಿಂತ ಹೆಚ್ಚೇ ಆಯಿತು. ಪ್ರತಿಗಳು ಕಡಿಮೆಯಿದ್ದಾಗ ಅದು ಸಹಜ. ಸಂಪಾದನೆಯ ಶುಲ್ಕವನ್ನು ಅವರು ಬೇರೆಯಾಗಿ ತೋರಿಸಿದ್ದರು, ಅದನ್ನು ಮಕ್ಕಳೆಲ್ಲ ಸಮನಾಗಿ ಹಂಚಿಕೊಂಡರು. ಪುಸ್ತಕಗಳು ಕೈಸೇರಿದ್ದು ಆರಾಧನೆಯ ಹಿಂದಿನ ಸಂಜೆ. ಮಾತು ಕೊಟ್ಟ ದಿನ ಅದಾಗಿರಲಿಲ್ಲ, ಮನೆಯವರೆಲ್ಲ ಚಿಂತೆಗೀಡಾಗಿದ್ದರು. ಸ್ಮರಣೆಯ ದಿನವನ್ನು ಮುಂದೂಡಲು ಆಗುವುದಿಲ್ಲವೆಂಬುದನ್ನು ಈ ಕೆಲಸಕ್ಕೆ ಇಳಿದವರು ಅರಿತಿರಬೇಕು.

ಈ ಸೇವೆ ಯಾರಿಗೆ ಹೊಂದುತ್ತದೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು. ನಿಮ್ಮ ಅಜ್ಜಿಯ ಕೈಬರಹ, ಲೆಕ್ಕ, ಕಾಗದ, ಸಂಗೀತ ಪುಸ್ತಕದ ಅಂಚಿನಲ್ಲಿ ಬರೆದ ದಿನಾಂಕ, ಏನಾದರೂ ಒಂದು ಉಳಿದಿದ್ದರೆ ಸಂಪಾದನೆಯ ಸೇವೆಯನ್ನೇ ಪಡೆಯಿರಿ. ಓದು ಬರಹ ಬಾರದಿದ್ದ ಹಿರಿಯರ ವಿಷಯದಲ್ಲಿಯೂ ಅವರೊಡನೆ ದುಡಿದ ಗೆಳತಿಯರನ್ನು, ನೆರೆಹೊರೆಯವರನ್ನು, ಹಳೆಯ ಸಭಾಪಾಲಕರನ್ನು ಮಾತಾಡಿಸಿ ಈ ಸಂಪಾದಕಿಯವರು ಪುಸ್ತಕ ಮಾಡಿದ್ದಾರೆ, ಅಂಥ ಒಂದನ್ನು ನನಗೆ ತೋರಿಸಿದರು, ಅದು ಚೆನ್ನಾಗಿತ್ತು. ಸಭೆಯ ದೀಕ್ಷಾಸ್ನಾನ ಮತ್ತು ಮದುವೆಯ ದಾಖಲೆಗಳಿಗಾಗಿ ಸಭಾಪಾಲಕರಿಗೆ ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆದಿಟ್ಟುಕೊಂಡರೆ ಕೆಲಸ ಬೇಗ ಸಾಗುತ್ತದೆ. ಆರಾಧನೆಯ ದಿನಕ್ಕೆ ಒಂದು ಪುಸ್ತಿಕೆ ಇದ್ದರೆ ಸಾಕು ಎನ್ನುವವರು ಸಿದ್ಧ ಮಾದರಿಯನ್ನು ಪಡೆಯಬಹುದು, ಆದರೆ ಅದರ ಮುನ್ನುಡಿಯನ್ನು ತೆಗೆಸಿ, ನಿಮ್ಮ ಕೈಯಾರೆ ಅರ್ಧ ಪುಟವಾದರೂ ಬರೆದು ಕೊಡಿ. ನಮ್ಮ ಪ್ರತಿಗಳು ಮುಗಿದಿವೆ. ಹಂಚಿದ ಮೇಲೆ ಕೂಟದ ಹಿರಿಯ ಹೆಂಗಸರು ತಮ್ಮ ನೆನಪುಗಳನ್ನು ಹೇಳುತ್ತ ಬಂದಿದ್ದಾರೆ, ಏಲಂನ ಒಂದು ಬೆಲೆಯನ್ನೂ ಇಬ್ಬರು ತಿದ್ದಿದ್ದಾರೆ. ಅವನ್ನು ಸೇರಿಸಿ ಎರಡನೆಯ ಮುದ್ರಣಕ್ಕೆ ಅದೇ ಸಂಸ್ಥೆಗೆ ಕೊಟ್ಟಿದ್ದೇವೆ, ಈ ಬಾರಿ ಯೂನಿಕೋಡ್‌ನಲ್ಲಿಯೇ ಜೋಡಿಸಬೇಕೆಂಬ ಕರಾರಿನೊಂದಿಗೆ.